ನವಿಲಿನ ಕಣ್ಣಲ್ಲಿ ಬಿಟ್ಟ ಹೊಲಿಗೆ

ಮೊದಲು ಕಣ್ಣು ಹರಿತವಾದದ್ದು ಉಳ್ಳವರಿಗೆ. ಉಳ್ಳವರ ಶೋಕಿ ಇಲ್ಲದವರ ತಲೆಗೆ ಬರಲು ಎಷ್ಟು ಹೊತ್ತು ಬೇಕು, ಹೇಳಿ?

ಬೆಂಗಳೂರು, ಮುಂಬಯಿ ಕಡೆಯ ದೊಡ್ಡ ಮನೆತನದವರು ಕಣ್ಣಿನೊಳಗೆ ಹೊಸ ಪರದೆ ಕೂರಿಸಿಕೊಂಡು ಬಂದರು. ಬಂದವರಿಗೆ ಮೈಮೇಲಿನ ರೇಷ್ಮೆ ಗೋಣಿತಾಟಿನಂತೆ ಕಂಡಿತು, ಅದರ ಮೇಲಿನ ಕಸೂತಿ ಬಾವಿಹಗ್ಗದಂತೆ ಕಂಡಿತು. "ಛೀ, ಇಷ್ಟು ಒರಟೇ?" ಎಂದು ಮೂಗು ಮುರಿದರು. ಅಷ್ಟೇ ಸಾಕಾಯಿತು, ತಲೆತಲಾಂತರದಿಂದ ಸೂಜಿ ಹಿಡಿದ ಧಾರವಾಡದ ಹೆಣ್ಣುಮಕ್ಕಳ ಕೈಗೆ ಕೆಲಸ ಇಲ್ಲದಂತಾಯಿತು. ಹುಣ್ಣು ಎಬ್ಬಿಸಿದವನೇ ಮುಲಾಮು ಮಾರಲು ಬರುತ್ತಾನೆ ನೋಡಿ, ಹಾಗೆ ಆ ಪರದೆ ಮಾಡುವ ನವಿಲುಗಣ್ಣು ಕಂಪನಿಯೇ ಧಾರವಾಡಕ್ಕೂ ಬಂತು. ಹರಿತ ಕಣ್ಣಿನವರು ಉಡುವುದನ್ನು ಹರಿತ ಕಣ್ಣಿನವರೇ ಹೊಲಿಯಬೇಕು, ಬನ್ನಿ, ನಿಮ್ಮ ಕಣ್ಣಿಗೂ ಪರದೆ ಹಾಕುತ್ತೇವೆ, ಪುಕ್ಕಟೆ ಎಂದಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಪಾಳಿ ಹಚ್ಚಿ ನಿಂತರು.

ಆ ಪಾಳಿಯಲ್ಲಿ ಕಾಮನಕಟ್ಟಿ ಓಣಿಯ ನೀಲಗಂಗವ್ವನೂ ಇದ್ದಳು. ಆದರೆ ಅವಳು ನಿಂತದ್ದು ಹೊಟ್ಟೆಪಾಡಿಗಷ್ಟೇ ಅಲ್ಲ. ಗೋವಾಕ್ಕೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇವಳಿಗೆ ಉಳಿದದ್ದು ಕೊರಳಲ್ಲಿ ತಾಳಿ, ಮಡಿಲಲ್ಲಿ ಮಗಳು. ಆ ಮಗಳು ಮಹಾನಂದಾ, ಮನೆಯಲ್ಲಿ ನಂದಾ, ಈಗ ಕನ್ನಡ ಸಾಲೆಯ ಟೀಚರು. ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದವನು ಮಹಾಂತೇಶ. ಅವನ ತಾಯಿ ಶಕುಂತಲಕ್ಕ ನವಿಲುಗಣ್ಣು ಕಂಪನಿಯಲ್ಲಿ ಸೀರೆ ತಪಾಸಣೆಯ ಮುಖ್ಯಸ್ಥೆ. ಅವಳೂ ಒಂದು ಕಾಲಕ್ಕೆ ಕಸೂತಿ ಹಾಕಿದವಳೇ. ಈಗ ಕಂಪನಿ ಕೊಟ್ಟ ಶ್ರೀಮಂತರ ಕಣ್ಣು, ಅದಕ್ಕೆ ತಕ್ಕ ಗತ್ತು. ಮಾತುಕತೆಯ ದಿನ ನಂದಾ ಉಟ್ಟಿದ್ದ ಸೀರೆಯ ಸೆರಗನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿ, "ನಿಮ್ಮ ಕೈ ಕೆಲಸೇನ್ರಿ ಇದು? ಇರ್ಲಿ ಬಿಡ್ರಿ, ನಡೀತೈತಿ" ಎಂದಿದ್ದಳು.

ಆ 'ನಡೀತೈತಿ' ನೀಲವ್ವನ ಎದೆಯಲ್ಲಿ ಮುಳ್ಳಾಗಿ ನಾಟಿತು. ಬೈದಿದ್ದರೂ ಸಹಿಸುತ್ತಿದ್ದಳು. ಮಗಳಿಗೆ ಪದ್ಧತಿಯಂತೆ ಕಪ್ಪು ಚಂದ್ರಕಾಳಿ ಸೀರೆ ಉಡಿಸಬೇಕು, ಅದರ ಕಸೂತಿಯಲ್ಲಿ ಶಕುಂತಲಕ್ಕನ ಕಣ್ಣಿಗೂ ಒಂದು ಕುಂದು ಸಿಗಬಾರದು, ಆ ಸೀರೆಯುಟ್ಟು ನಿಂತ ಮಗಳನ್ನು ಕಣ್ತುಂಬ ನೋಡಿ, ಉಡಿ ತುಂಬಿ ಕಳಿಸಬೇಕು. ಅವಳಿಗೆ ಬೇಕಾಗಿದ್ದುದು ಇಷ್ಟೇ.

"ಸೂಜಿ ಬಂಗಾರದ್ದಂತ ಕಣ್ಣಿಗೆ ಚುಚ್ಚಿಗೋತಾರೇನ, ಖೋಡಿ?" ಎಂದು ಪಕ್ಕದ ಮನೆಯ ಮುದುಕಿ ಬಾಳವ್ವ ಬೈದಳು. ನೀಲವ್ವ ಕೇಳಲಿಲ್ಲ.

ಕಂಪನಿಯ ಡಾಕ್ಟರ್ ಇನಾಮದಾರ ಅವಳನ್ನು ಯಂತ್ರದ ಮುಂದೆ ಕೂರಿಸಿ, ಅವಳದೇ ಕಣ್ಣಿನ ಹಿಂಬದಿಯ ಚಿತ್ರ ತೋರಿಸಿದ. ಕೆಂಪು ನೆಲ, ಅದರ ತುಂಬ ಬೇರು ಬಿಟ್ಟಂತೆ ರಕ್ತನಾಳ, ನಡುವೆ ಒಂದು ಮಬ್ಬು ಗುಳಿ.

"ಇದು ಅಕ್ಷಿಪಟಲ, ನೀಲವ್ವ. ಕಣ್ಣಿನೊಳಗಿನ ಅರಿವಿ ಅಂತ ತಿಳ್ಕೋರಿ. ನೀವು ಎಳಿ ಎಣಿಸಿ ಕಸೂತಿ ಹಾಕ್ತೀರಲ್ಲ, ಅರಿವಿ ಎಳಿಗಿಂತ ಸಣ್ಣ ಹೊಲಿಗಿ ಹಾಕ್ಲಿಕ್ಕೆ ಬರ್ತದೇನು?"

"ಅದ್ಹೆಂಗ ಬರತೈತ್ರಿ? ಎಳಿ ಇದ್ದಷ್ಟ ಹೊಲಿಗಿ."

"ಕಣ್ಣಿಂದೂ ಅದ ಹಣೆಬರಹ. ಈ ಗುಳಿಯೊಳಗ ಬೆಳಕು ಹಿಡಿಯೋ ಕೋಶ ಒತ್ತೊತ್ತಾಗಿ ಕೂತಾವ. ಎರಡು ಬೆಳಕಿನ ಗೆರಿ ಬ್ಯಾರೆ ಬ್ಯಾರೆ ಅಂತ ಕಾಣಬೇಕಂದ್ರ, ಅವೆರಡರ ನಡುವ ಬೆಳಕು ಬೀಳದ ಒಂದು ಕೋಶನಾದ್ರೂ ಖಾಲಿ ಉಳೀಬೇಕು. ಉಳೀಲಿಲ್ಲಂದ್ರ ಎರಡೂ ಕೂಡಿ ಒಂದ ಗೆರಿ. ದೇವರು ಕೊಟ್ಟ ನೇಯ್ಗಿ ಅಷ್ಟ. ಅದನ್ನ ನಾವು ಬದಲಿ ಮಾಡ್ತೀವಿ. ಹಳೇದೊಂದು ಕೋಶ ಇದ್ದ ಜಾಗಾದಾಗ ಹತ್ತು ಹೊಸಾವು. ಅದರ ಮುಂದ ಬೆಳಕು ಚದುರದಂಗ ಒಂದು ಸಣ್ಣ ಮಸೂರ."

"ಭೂತಗನ್ನಡಿ ಸಾಲೂದಿಲ್ಲೇನ್ರಿ?"

"ಅದು ಅರಿವಿ ಜೊತಿ ನಿಮ್ಮ ಬೆರಳನ್ನೂ ದೊಡ್ಡದು ಮಾಡ್ತದ, ಕೈ ಅಳತಿ ತಪ್ಪತದ. ಇಡೀ ಸೀರಿ ಹಂಗ ಹೊಲದವರನ್ನ ನಾ ಕಂಡಿಲ್ಲ. ಕೈ ಚಾಚಿ ಹೆಬ್ಬೆರಳು ಎತ್ತರಿ ನೋಡೋಣ. ಆ ಉಗುರಿನಷ್ಟು ಜಾಗಾ ಅಷ್ಟ ಮನುಷ್ಯಾಗ ಚೊಕ್ಕ ಕಾಣ್ತದ. ಉಳಿದದ್ದೆಲ್ಲ ಮಬ್ಬು. ಕಣ್ಣು ಆ ಕಡೆ ಈ ಕಡೆ ಓಡ್ಯಾಡಿ ತುಣುಕು ತರ್ತದ, ಮಿದುಳು ಅದನ್ನ ಹೊಲದು ಜೋಡಿಸಿ, ಎಲ್ಲಾ ಕಂಡ್ವಿ ಅಂತ ನಮ್ಮನ್ನ ನಂಬಸ್ತದ."

ನೀಲವ್ವ ತನ್ನ ಹೆಬ್ಬೆರಳನ್ನೇ ನೋಡಿದಳು. ಇಷ್ಟರಲ್ಲೇ ಇಡೀ ಆಯುಷ್ಯ ನೋಡಿದೆನೇ ಎಂದು ಸೋಜಿಗವಾಯಿತು.

ಡಾಕ್ಟರು ಹೇಳದೆ ಬಿಟ್ಟ ಮಾತೂ ಒಂದಿತ್ತು. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಎಳೆಗಳು ಇರುವುದು ಹತ್ತು ಲಕ್ಷದ ಆಸುಪಾಸು. ಹೊಸ ಕೋಶಗಳ ಸುದ್ದಿ ಹೊರಲು ಹೊಸ ಎಳೆ ಎಲ್ಲಿಂದ ಬರಬೇಕು? ಶ್ರೀಮಂತರಿಗೆ ಪಕ್ಕದಲ್ಲೇ ಎರಡನೆಯ ಕೃತಕ ನರ ಎಳೆದು ಕೊಡುತ್ತಿದ್ದರು. ಪುಕ್ಕಟೆ ಕಣ್ಣಿಗೆ ಆ ಭಾಗ್ಯವಿಲ್ಲ. ಅಲ್ಲಿ ಹೊಸ ಕೋಶಗಳು ಅಂಚಿನ ಎಳೆಗಳನ್ನೇ ಮೆಲ್ಲಗೆ ಕಸಿದುಕೊಳ್ಳುತ್ತಿದ್ದವು. ನಡುವಿನ ನೋಟ ಹರಿತವಾದಷ್ಟೂ ಬದಿಯ ನೋಟ ಸಾಯುತ್ತಿತ್ತು. ಇದು ಡಾಕ್ಟರಿಗೆ ಗೊತ್ತು, ಶಕುಂತಲಕ್ಕನಿಗೂ ಗೊತ್ತು. ಹೊಲಿಯುವವಳಿಗೆ ಹೊಲಿಗೆ ಕಂಡರೆ ಸಾಕಲ್ಲ, ಮತ್ತೇನು ಕಾಣಬೇಕಾಗಿದೆ ಎಂಬುದು ಕಂಪನಿಯ ನ್ಯಾಯ. ಹಾಳಾಗಿ ಹೋಗಲಿ ಅಂಥ ನ್ಯಾಯ.

ಪಟ್ಟಿ ಬಿಚ್ಚಿದ ದಿನ ನೀಲವ್ವ ಕಪ್ಪು ರೇಷ್ಮೆ ಹರವಿಕೊಂಡು, "ಅಯ್ಯ ನನ ಶಿವನ!" ಎಂದು ಕೂಗಿಯೇಬಿಟ್ಟಳು. ಎಳೆ ಎಳೆಯೂ ಬಿಡಿಬಿಡಿ. ದಾರವನ್ನು ಸೀಳಿ ಸೀಳಿ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗೆ ಮಾಡಿ ಸೂಜಿಗೆ ಪೋಣಿಸಿದಳು. ಗಾವಂತಿ ಹೊಲಿಗೆಯೆಂದರೆ ಹೋಗುವಾಗ ಒಂದು ಹಾಕಿ ಒಂದು ಬಿಡಬೇಕು, ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ, ಸೀರೆಯ ಒಳಮೈ ಹೊರಮೈ ಎರಡೂ ಒಂದೇ ಸಮ. ಆ ದಿನ ಅವಳು ಒಂದು ಜೋಳದ ಕಾಳಿನಷ್ಟು ಜಾಗದಲ್ಲಿ ಇಡೀ ತುಳಸಿಕಟ್ಟೆ ಹೊಲಿದಳು.

ಸಾಲೆಯಿಂದ ಬಂದ ನಂದಾಳನ್ನು ಎದುರಿಗೆ ಕೂರಿಸಿಕೊಂಡಳು. ಮಗಳ ಕಣ್ಣಗುಡ್ಡೆಯಲ್ಲಿ ಅವಳಿಗೆ ತನ್ನದೇ ರೂಪ ಕಂಡಿತು, ಹಣೆಯ ಕುಂಕುಮ, ತಲೆ ಮೇಲಿನ ಸೆರಗು ಸಮೇತ.

"ಯವ್ವಾ, ನಿನ್ನ ಕಣ್ಣಾಗ ನಾ ಅದೀನಲ್ಲ!"

"ಮತ್ತೆಲ್ಲಿ ಹೊಕ್ಕಿ? ಅಲ್ಲೇ ಇರು" ಎಂದು ನಂದಾ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ಹಂಚಿನ ಮೇಲಿನ ರೊಟ್ಟಿಯ ನಡುವೆ ಏಳುವ ಒಂದೊಂದು ಬೊಬ್ಬೆಯೂ ನೀಲವ್ವನಿಗೆ ಕಾಣುತ್ತಿತ್ತು, ಅಂಚು ಕರಕಲಾದದ್ದು ಮಾತ್ರ ವಾಸನೆ ಬಂದ ಮೇಲೆ ತಿಳಿಯುತ್ತಿತ್ತು. ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಬಚ್ಚಲಲ್ಲಿ ಕೊಡ ಎಡವಿದಳು. ಹೊಸ ಕಣ್ಣು, ರೂಢಿಯಾಗಬೇಕು ಎಂದುಕೊಂಡು ಸುಮ್ಮನಾದಳು. ಆಮೇಲೆ ಮುಖಗಳು ಒಡೆದುಹೋದವು. ನೋಡಿ, ಬದಿಯ ನೋಟ ಎಷ್ಟೇ ಮಬ್ಬಾಗಿರಲಿ, ಮುಂದೆ ಎತ್ತ ನೋಡಬೇಕೆಂದು ಕಣ್ಣಿಗೆ ದಾರಿ ಹೇಳುವುದು ಅದೇ. ಅದು ಹೋದ ಮೇಲೆ ಕಣ್ಣು ಎಲ್ಲಿ ಬಿತ್ತೋ ಅಲ್ಲೇ ಬಿತ್ತು. ಒಂದು ಮೂಗಿನ ಹೊಳ್ಳೆ, ಒಂದಿಷ್ಟು ರೋಮದ ಗುಣಿ, ಅದರಲ್ಲಿ ಮೆತ್ತಿದ ಪೌಡರು. ಅದು ಯಾರ ಕೆನ್ನೆಯೆಂದು ಹೇಳಬೇಕಾದರೆ ಅವರು ಬಾಯಿಬಿಟ್ಟು ಮಾತಾಡಬೇಕು.

ಮತ್ತೆ ಡಾಕ್ಟರ ಹತ್ತಿರ ಹೋದಳು. ಇನಾಮದಾರ ಪರೀಕ್ಷೆ ಮುಗಿಸಿ, ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಬದಿ ಎಷ್ಟು ಕಾಣ್ತದ?"

"ಏನೂ ಇಲ್ರಿ. ನೀವು ಅವತ್ತು ಎತ್ತಸಿದ್ರಲ್ಲ, ಆ ಹೆಬ್ಬೆರಳಿನಷ್ಟು. ಅದರಾಚಿ ಬರೇ ಮಂಜು."

"ನಾ ಹೇಳಿದೆ ಅಂತ ಹೊರಗ ಹೋಗಬಾರದು. ಪರದೆ ಈಗ ತಗದ್ರ ಬದಿ ನೋಟ ಬಹಳಷ್ಟು ತಿರುಗಿ ಬರ್ತದ. ತಡಾ ಮಾಡಿದ್ರ ಅಂಚಿನ ಎಳಿ ಒಣಗಿ ಹೋಗ್ತಾವ. ಆಮ್ಯಾಲೆ ತಗದ್ರೂ ಅಷ್ಟ, ಬಿಟ್ರೂ ಅಷ್ಟ."

"ತಗದ್ರ ಸಣ್ಣ ಹೊಲಿಗಿ ಬರತೈತೇನ್ರಿ?"

"ಇಲ್ಲ."

"ಸೆರಗು ಇನ್ನ ಅರ್ಧಾ ಉಳದೈತ್ರಿ."

"ಸೆರಗಿನ ಸಲುವಾಗಿ ಕಣ್ಣು ಕಳಕೋತೀರೇನು?"

ನೀಲವ್ವ ಅವನ ಮುಖದತ್ತ ನೋಟ ತಿರುಗಿಸಿದಳು. ಸಿಕ್ಕದ್ದು ಅವನ ಕನ್ನಡಕದ ಗಾಜು. ಅದರ ಮೇಲಿನ ಒಂದೊಂದು ಗೀರೂ ಕಂಡಿತು. ಹಳೆಯ ಕಾಲದ, ಸಾದಾ ಕನ್ನಡಕ.

"ಡಾಕ್ಟರ್, ನೀವ್ಯಾಕ ಈ ಪರದೆ ಹಾಕಿಸಿಕೊಂಡಿಲ್ಲ?"

ಇನಾಮದಾರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಎಂಥ ಮನುಷ್ಯ! ಹೇಳಬೇಕಾದಾಗ ಹೇಳದೆ, ಕಣ್ಣು ಕೆಟ್ಟ ಮೇಲೆ ಬಾಗಿಲು ಹಾಕಿಕೊಂಡು ಹೇಳುವವನು.

ಮನೆಯ ದಾರಿಯಲ್ಲಿ ಗೋಡೆ ಹಿಡಿದು ನಡೆಯುತ್ತ ನೀಲವ್ವ ತನ್ನೊಳಗೇ ಗುದ್ದಾಡಿದಳು. ನಂದಾಗೆ ಹೇಳಿದರೆ ಅವಳು ಸೀರೆಯನ್ನು ಒಲೆಗೆ ಹಾಕಿ ತಾಯಿಯನ್ನು ಎಳೆದುಕೊಂಡು ಹೋಗಿ ಪರದೆ ತೆಗೆಸುತ್ತಾಳೆ. ಆಮೇಲೆ? ಅರ್ಧ ಸೀರೆ, ಮತ್ತೆ ಅದೇ 'ನಡೀತೈತಿ', ಮಗಳಿಗೆ ಸಾಯುವತನಕ. ಕುರುಡಿಯ ಮಗಳೆಂದು ಸಂಬಂಧವೇ ಮುರಿದರೆ? ಇರಲಿ, ಕಾಣುವುದೊಂದು ಹೆಬ್ಬೆರಳಾದರೂ ಮಗಳ ಮುಖವನ್ನು ತುಣುಕು ತುಣುಕಾಗಿಯಾದರೂ ನೋಡುತ್ತೇನೆ ಎಂದು ಗಟ್ಟಿಮಾಡಿಕೊಂಡಳು. ಮರುದಿನ ಬೆಳಿಗ್ಗೆ ಸೂಜಿ ಹಿಡಿದಳು. ಡಾಕ್ಟರ ಕಡೆಗೆ ಮತ್ತೆ ಹೋಗಲಿಲ್ಲ.

ಅವಳ ಗುಟ್ಟು ಮನೆಯನ್ನು ಹಿಂಡಿತು. ನಂದಾ ಎದುರು ಕೂತು ಮಾತಾಡಿದರೆ ತಾಯಿಯ ನೋಟ ಕಿವಿಯೋಲೆಯ ಮೇಲೋ, ಕುಬಸದ ಅಂಚಿನ ಮೇಲೋ ನೆಟ್ಟಿರುತ್ತಿತ್ತು.

"ಅವ್ವಾ, ನನ್ನ ಮಾರಿ ನೋಡಿ ಮಾತಾಡಬಾರದೇನ? ಈ ಮನ್ಯಾಗ ನಾ ಇನ್ನ ಎಷ್ಟ ದಿನದಾಕಿ?"

"ನೋಡಾಕತ್ತೀನಲ್ಲ. ನಿನ್ನ ಹುಬ್ಬಿನಾಗ ಒಂದು ಕೂದಲಾ ಅಡ್ಡ ಬೆಳದೈತಿ ನೋಡು."

"ನಾ ಅಳಾಕತ್ತೀನವಾ" ಎಂದಳು ನಂದಾ. "ಅದು ನಿನಗ ಕಾಣಲಿಲ್ಲ, ಕೂದಲಾ ಕಂಡಿತು. ಆ ಕಂಪನಿ ಕಣ್ಣು ಬಂದ ಮ್ಯಾಲೆ ನಿನಗ ಮಗಳು ಬ್ಯಾಡಾಗ್ಯಾಳ, ಸೀರಿ ಒಂದ ಬೇಕಾಗೈತಿ."

ನೀಲವ್ವ ತಡವರಿಸಿ ಮಗಳ ಕೈ ಹುಡುಕಿ ಹಿಡಿದು, ಸೆರಗಿನ ಮೂಲೆಯ ಮೇಲೆ ಅವಳ ಬೆರಳು ಇಟ್ಟಳು.

"ಇಲ್ಲಿ ಒಂದು ನವಿಲು ಐತಿ. ಅದರ ಕಣ್ಣಾಗ ತಿರುಗಿ ಬರೂವಾಗ ತುಂಬೂ ಹೊಲಿಗಿ ಒಂದನ್ನ ಬಿಟ್ಟೀನಿ. ನಮ್ಮವ್ವ ನನ್ನ ಸೀರ್‍ಯಾಗೂ ಬಿಟ್ಟಿದ್ದಳು. ಪೂರಾ ಆದ ಕೆಲಸಕ್ಕ ನೆದರು ತಾಗತೈತಿ, ದೃಷ್ಟಿ ಆಗತೈತಿ, ತಂಗಿ. ಮದುವಿ ಸೀರ್‍ಯಾಗ ಒಂದು ಹೊಲಿಗಿ ಬಿಡಬೇಕು."

"ನನ್ನ ಅತ್ತಿ ಕಣ್ಣಿಗೆ ಬಿದ್ರ?"

"ಆಕೀನೂ ಕಸೂತಿ ಮನಿ ಹೆಣ್ಣುಮಗಳು. ತಿಳೀತೈತಿ ಆಕೀಗೆ. ಇದೊಂದು ಖೂನ ಇರಲಿ ನನಗ, ಗುರುತಿಗೆ. ಮಾರಿ ಮರತೀತು, ನನ್ನ ಹೊಲಿಗಿ ನಾ ಮರಿಯೂದಿಲ್ಲ."

ನಂದಾ ಕೈ ಬಿಡಿಸಿಕೊಂಡು ಎದ್ದುಹೋದಳು. ಆ ಮಾತಿನ ಹಿಂದೆ ಏನಿದೆಯೆಂದು ಪಾಪ ಆ ಹುಡುಗಿಗೆ ಹೇಗೆ ತಿಳಿಯಬೇಕು?

ಮದುವೆಯ ದಿನ ಕಲ್ಯಾಣಮಂಟಪದಲ್ಲಿ ನೀಲವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಕ್ಕಿಕಾಳು ಎಲ್ಲರೂ ಎಸೆದ ಕಡೆಗೆ ತಾನೂ ಎಸೆದಳು. ಗಾಳಿಯಲ್ಲಿ ಹಾರಿಹೋದ ಒಂದು ಕಾಳಿಗೆ ಅರಿಷಿಣ ಸರಿಯಾಗಿ ಹತ್ತಿಲ್ಲದ್ದು ಅವಳಿಗೆ ಕಂಡಿತು. ಮಗಳು ಕಾಣಲಿಲ್ಲ. ಇರಲಿ, ಈಗ ಉಟ್ಟಿರುವುದು ಗಂಡಿನ ಕಡೆಯ ಸೀರೆ. ಕಳಿಸಿಕೊಡುವ ಹೊತ್ತಿಗೆ ನನ್ನ ಚಂದ್ರಕಾಳಿ ಉಟ್ಟು ಬರುತ್ತಾಳೆ, ಆಗ ನೋಡುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಬೀಗಿತ್ತಿಯಾದ ಶಕುಂತಲಕ್ಕ ಮದುಮಗಳ ಕೋಣೆಗೆ ಹೋದದ್ದು, ಒಳಗೆ ಒಂದಿಷ್ಟು ಗುಸುಗುಸು ಎದ್ದದ್ದು ಅವಳಿಗೆ ತಿಳಿಯಲಿಲ್ಲ.

ಬಾಗಿಲಲ್ಲಿ ಬ್ಯಾಂಡಿನವರು ಊದತೊಡಗಿದರು. ಬಾಳವ್ವ ಬಂದು ಉಡಿಯ ತಾಟನ್ನು ಕೈಗಿಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಕುಬಸದ ಖಣ. "ಹೋಗು, ಮಗಳು ನಿಂತಾಳ, ಉಡಿ ತುಂಬು" ಎಂದು ಬೆನ್ನು ತಟ್ಟಿ ಹಿಂದೆ ಸರಿದಳು.

ನೀಲವ್ವ ಮಂಜಿನಲ್ಲಿ ಹೆಜ್ಜೆ ಹಾಕಿದಳು. ಕಪ್ಪು ರೇಷ್ಮೆ ಕಂಡಿತು. ಕೆಂಪು ಅಂಚು ಹಿಡಿದು ನೋಟವನ್ನು ಮೇಲೇರಿಸಿದಳು: ತುಳಸಿಕಟ್ಟೆ, ಆನೆ, ಅಂಬಾರಿ, ನವಿಲು. ನವಿಲಿನ ಕಣ್ಣು. ಕಣ್ಣಲ್ಲಿ ಬಿಟ್ಟ ಹೊಲಿಗೆ. ಸಿಕ್ಕಳು ನನ್ನ ಮಗಳು! ಇನ್ನೂ ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳುವ ಗರಜು ಅವಳಿಗೆ ಕಾಣಲಿಲ್ಲ. ಕಂಡರೂ ಸಿಗುವುದು ಒಂದು ಚೂರು ಕೆನ್ನೆ, ಅದೂ ಪೌಡರು ಮೆತ್ತಿದ್ದು.

ಹುಡುಗಿಯ ಸೆರಗನ್ನು ಹಿಡಿದು ಜೋಳಿಗೆ ಮಾಡಿ, ಹಿಡಿ ಹಿಡಿಯಾಗಿ ಅಕ್ಕಿ ಸುರಿದಳು. ಮದುಮಗಳ ಪಕ್ಕದಲ್ಲಿ ನಿಲ್ಲುವ ಕಳಸಗಿತ್ತಿಗೆ ಮೊದಲು ಒಂದು ಹಿಡಿ ಹಾಕಿ ಮರ್ಯಾದೆ ಮಾಡುತ್ತಿದ್ದಾಳೆಂದು ಸುತ್ತಲಿನವರು ತಿಳಿದರು. ಆದರೆ ಕೊಬ್ಬರಿಯೂ ಹೋಯಿತು, ಖಣವೂ ಹೋಯಿತು. ನೀಲವ್ವ ಗಂಟು ಕಟ್ಟಿ, ಎರಡೂ ಕೈಯಿಂದ ಆ ಹುಡುಗಿಯ ಕೆನ್ನೆ ಸವರಿ, ತನ್ನ ತಲೆಗೆ ಬೆರಳು ಒತ್ತಿ ಲಟಲಟನೆ ನಟಿಗೆ ಮುರಿದಳು. ಬ್ಯಾಂಡಿನ ಸದ್ದಿನಲ್ಲಿ ಕೇಳಿಸಲೆಂದು ದನಿ ಎತ್ತಿದಳು.

"ನಂದಾ, ಇಷ್ಟು ದಿನಾ ನಿನಗ ಹೇಳಲಿಲ್ಲ. ನನ್ನ ಕಣ್ಣು ಹೋಗ್ಯಾವ, ತಂಗಿ. ನಿನ್ನ ಮಾರಿ ನನಗ ಕಾಣೂದಿಲ್ಲ. ಅವ್ವ ನನ್ನ ನೋಡವಲ್ಲಳು ಅಂತ ಅಳತಿದ್ದಿ. ನೋಡಾಕ ಬರತಿದ್ದಿಲ್ಲವಾ ನನಗ. ಚಿಂತಿ ಮಾಡಬ್ಯಾಡ. ನಾ ಹೊಲದದ್ದು ನನಗ ಕಾಣತೈತಿ. ಸಾವಿರ ಮಂದ್ಯಾಗ ನಿಂತರೂ ನನ್ನ ಮಗಳನ್ನ ನಾ ತಪ್ಪೂದಿಲ್ಲ."

ಬ್ಯಾಂಡು ಯಾವಾಗ ನಿಂತಿತೋ ತಿಳಿಯದು. ಎದುರಿನ ಹುಡುಗಿ ಕಟ್ಟಿದ ಉಡಿ ಹಿಡಿದು ನಿಂತಿದ್ದಳು. ಬಲಗಡೆಯ ಮಂಜಿನೊಳಗಿಂದ ಒಂದು ದನಿ ಬಂತು.

"ಅವ್ವಾ. ನಾ ಇಲ್ಲಿ ನಿಂತೀನಿ."

ನೀಲವ್ವನ ಕೈ ಆ ಅಪರಿಚಿತ ಕೆನ್ನೆಯ ಮೇಲೇ ಉಳಿಯಿತು.

"ಆ ಸೀರಿ ನಾನ ಬದಲಿ ಮಾಡಿಸಿದ್ನಿ" ಎಂದಳು ಶಕುಂತಲಕ್ಕ, ಅಂಗಡಿಯಲ್ಲಿ ಲೆಕ್ಕ ಒಪ್ಪಿಸುವವಳ ದನಿಯಲ್ಲಿ. "ನವಿಲಿನ ಕಣ್ಣಾಗ ಒಂದು ಹೊಲಿಗಿ ತಪ್ಪಿತ್ತು, ನೀಲವ್ವ. ಬಂದ ಮಂದಿ ಎಲ್ಲಾ ಕಂಪನಿಯವರು, ಹರಿತ ಕಣ್ಣಿನವರು. ಸೊಸಿ ಮೈಮ್ಯಾಲೆ ತಪ್ಪು ಕಂಡ್ರ ನನ್ನ ಮಾರಿ ಎಲ್ಲಿ ಇಟ್ಟುಕೊಳ್ಳಲಿ? ಕಳಸಗಿತ್ತಿ ನಮ್ಮ ಅಣ್ಣನ ಮಗಳು ವೀಣಾಗ ಉಡಿಸೀನಿ. ಆಕೀಗೆ ನಡೀತೈತಿ."

"ತಪ್ಪಲ್ರೀ ಅದು. ನೆದರಿಗೆ ಬಿಟ್ಟದ್ದು. ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ. ನಮ್ಮವ್ವನೂ ಬಿಡತಿದ್ದಳು. ಆಗ ಯಾರ ಕಣ್ಣಿಗೂ ಕಾಣತಿದ್ದಿಲ್ಲ."

ಒಮ್ಮೆ ಕಟ್ಟಿದ ಉಡಿಯನ್ನು ಬಿಚ್ಚಿ ಇನ್ನೊಬ್ಬರಿಗೆ ಸುರಿಯುವ ಪದ್ಧತಿಯಿಲ್ಲ. ಅದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿತ್ತು. ನೀಲವ್ವ ತಾಟಿನಲ್ಲಿ ಬೆರಳಾಡಿಸಿದಳು. ಮೂಲೆಯಲ್ಲಿ ನಾಲ್ಕಾರು ಅಕ್ಕಿಕಾಳು ಸಿಕ್ಕವು. ಅವು ಮುರಿದ ನುಚ್ಚು. ಮುರಿದ ಒಂದೊಂದು ತುದಿಯೂ ಅವಳಿಗೆ ಚೆನ್ನಾಗಿ ಕಂಡಿತು. ಅದನ್ನೇ ಹಿಡಿದು ಬಲಕ್ಕೆ ತಿರುಗಿದಳು.

"ಯಾಕ ಹೇಳಲಿಲ್ಲವಾ ನನಗ?" ನಂದಾ ಬಿಕ್ಕುತ್ತಿದ್ದಳು. "ಒಂದ ಮಾತು ಹೇಳಿದ್ರ ಆ ಸೀರಿ ಸುಟ್ಟು ಹಾಕತಿದ್ನಿ. ಯಾಕ ಹೇಳಲಿಲ್ಲ?"

"ನಿನ್ನ ಸೆರಗು ಒಡ್ಡು, ತಂಗಿ."

"ಹೊತ್ತಾತು, ಕಾರು ನಿಂತೈತಿ" ಎಂದಳು ಶಕುಂತಲಕ್ಕ.

ನಂದಾ ಸೆರಗು ಒಡ್ಡಿದಳೋ ಇಲ್ಲವೋ, ನುಚ್ಚು ನೆಲಕ್ಕೆ ಬಿದ್ದ ಸಪ್ಪಳವೂ ಆಗಲಿಲ್ಲ. ಅವಳು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರ ತಂದುಕೊಂಡಳು. "ನೋಡವಾ. ಈಗರ ನೋಡು."

ನೀಲವ್ವ ನೋಡಿದಳು. ಮೂಗುತಿಯ ಹರಳು. ಒದ್ದೆಯಾದ ರೆಪ್ಪೆಗೂದಲು. ಆಮೇಲೆ ಕಣ್ಣಗುಡ್ಡೆ. ಅದರಲ್ಲಿ ಒಬ್ಬ ಹೆಂಗಸು ತಲೆಯಿಂದ ಕಾಲಿನವರೆಗೆ ಪೂರ್ತಿ ಕಂಡಳು: ಹಣೆಯಲ್ಲಿ ಕುಂಕುಮ, ತಲೆ ಮೇಲೆ ಸೆರಗು, ಕೈಯಲ್ಲಿ ಖಾಲಿ ತಾಟು, ಪಕ್ಕದಲ್ಲಿ ತುಂಬಿದ ಉಡಿ ಹೊತ್ತು ನಿಂತ ಕಪ್ಪು ಸೀರೆಯ ಯಾವಳೋ ಹುಡುಗಿ. ಇಷ್ಟು ದಿನದಲ್ಲಿ ಅವಳಿಗೆ ಇಡಿಯಾಗಿ ಕಂಡ ಮನುಷ್ಯರೆಂದರೆ ಅವರಿಬ್ಬರೇ.

ನಂದಾ ಅಳು ತಡೆಯಲಾರದೆ ಕಣ್ಣು ಮುಚ್ಚಿದಳು.